ನಡುಮನೆಯ ಸುಂಕದ ಕಟ್ಟೆ

ಬೆಳಿಗ್ಗೆಯಿಂದ ಮನೆ ತುಂಬ ಅವರೆಕಾಯಿ ಸೊಗಡು. ಸೊಸೆ ಮಾರ್ಕೆಟ್ಟಿನಿಂದ ಚೀಲ ತುಂಬ ತಂದು, ಮುಂದಿನ ರೂಮಿನಲ್ಲಿ ಹಳೇ ಪೇಪರು ಹಾಸಿಕೊಂಡು ಸುಲಿಯುತ್ತ ಕೂತಿದ್ದಾಳೆ. ನಾನು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದೇನೆ. ಅಂದರೆ, ನೋಡಿದವರಿಗೆ ಹಾಗೆ ಕಾಣುತ್ತದೆ. ಈ ಸೊಗಡು ಮೂಗಿಗೆ ಬಿತ್ತೋ, ನಾನು ಮೈಸೂರಿನ ಈ ದಟ್ಟಗಳ್ಳಿ ಮನೆಯಲ್ಲಿರುವುದಿಲ್ಲ ಕಣ್ರೀ. ಅಗ್ರಹಾರದ ಹಿಂದಿನ ಒಂದು ಸಣ್ಣ ಬೀದಿಯ ಹೆಂಚಿನ ಮನೆಯಲ್ಲಿರುತ್ತೇನೆ, ನನಗೆ ಹದಿನೇಳು ವರ್ಷವಾಗಿರುತ್ತದೆ, ಕೈಯಲ್ಲಿ ಬಿಸಿ ಬೋಗುಣಿ ಹಿಡಿದಿರುತ್ತೇನೆ. ಬೇರೆ ಕೆಲಸ ಇಲ್ಲದಿದ್ದರೆ ನೀವೂ ಜೊತೆಗೆ ಬನ್ನಿ. ತಲೆ ಬಗ್ಗಿಸಿ ಬನ್ನಿ, ಬಾಗಿಲು ಗಿಡ್ಡ.

ಒಳಗೆ ಕಾಲಿಟ್ಟರೆ ಸಿಗುವುದೇ ನಡುಮನೆ. ಹೊರಗಿನ ಬಿಸಿಲಿನಿಂದ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಸೂರಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲ ಕೋಲು ಕಾಣುತ್ತದೆ, ಅದರೊಳಗೆ ಅವಸರವೇ ಇಲ್ಲದೆ ಮೇಲೆ ಕೆಳಗೆ ಆಡುವ ಧೂಳು ಕಾಣುತ್ತದೆ, ಎರಡು ಮರದ ಕಂಬ ಕಾಣುತ್ತವೆ, ಕೊನೆಗೆ ಒಂದು ಕಂಬಕ್ಕೆ ಒರಗಿ, ಮುಂದೆ ಕಂಚಿನ ತಟ್ಟೆ ಇಟ್ಟುಕೊಂಡು ಕೂತ ನಮ್ಮ ದೊಡ್ಡಪ್ಪ. ಆ ಮನೆಯಲ್ಲಿ ಒಂದು ಗೋಡೆ ಗಡಿಯಾರ ಇತ್ತು, ಓಡುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾದ ನೆನಪಿಲ್ಲ. ಬೀದಿಯಲ್ಲಿ ಟಾಂಗಾ ಹೋದರೆ ಕುದುರೆಯ ಗೊರಸಿನ ಸದ್ದು ನಡುಮನೆಗೂ ಬಂದು ಒಂದು ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಹೀಗೆ ಹೇಳುತ್ತಿರುವುದರಲ್ಲಿ ಎಷ್ಟು ನೆನಪೋ ಎಷ್ಟು ಕನಸೋ, ಈ ವಯಸ್ಸಿನಲ್ಲಿ ವಿಂಗಡಿಸುವುದು ನನ್ನಿಂದಾಗದು. ದೊಡ್ಡಪ್ಪ ಮಾತ್ರ ಖಂಡಿತ ಅಲ್ಲಿದ್ದರು.

ಅಪ್ಪನವರು ಮೂವರು ಅಣ್ಣತಮ್ಮಂದಿರು, ನರಸೀಪುರದ ಕಡೆಯ ಹೊಲ ಬಿಟ್ಟು ಮೈಸೂರು ಸೇರಿದವರು. ನಡುವಿನವರಾದ ಅಪ್ಪನದು ಸೌದೆ ಡಿಪೋ, ಚಿಕ್ಕಪ್ಪನದು ಬೆಲ್ಲದ ವ್ಯಾಪಾರ. ದೊಡ್ಡಪ್ಪನದು ಮಾತ್ರ ಸರ್ಕಾರಿ ನೌಕರಿ. ಮೈಸೂರು ಸೀಮೆ ಮುಗಿದು ಮದ್ರಾಸ್ ಸೀಮೆ ಶುರುವಾಗುವ ಕಡೆ ರಸ್ತೆಗೆ ಅಡ್ಡ ಒಂದು ಬಿದಿರು ಗಳು, ಪಕ್ಕದಲ್ಲಿ ಒಂದು ಕೋಣೆ. ಅದೇ ಸುಂಕದ ಕಟ್ಟೆ. ಅಲ್ಲಿ ಗಾಡಿ ನಿಲ್ಲಿಸಿ, ಚೀಲ ಬಿಚ್ಚಿಸಿ ನೋಡಿ, ಸುಂಕ ಹಾಕಿ, ಗಳು ಎತ್ತಿಸುವ ಗುಮಾಸ್ತರು ಅವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ರಿಟೈರಾಗಿ ಮನೆಗೆ ಬಂದ ವರ್ಷವೇ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತಿಗೆ ಮಾತು ಬೆಳೆದು ಮನೆ ಪಾಲಾಯಿತು. ಕಾರಣ ಕೇಳಬೇಡಿ. ಹಿತ್ತಲ ನುಗ್ಗೆಮರ ಅಂತ ಅಪ್ಪ ಅನ್ನುತ್ತಿದ್ದರು, ಚಿಕ್ಕಪ್ಪ ಇನ್ನೇನೋ ಅನ್ನುತ್ತಿದ್ದರು. ಬಲಗಡೆಯ ಅಡುಗೆಮನೆ ನಮ್ಮದಾಯಿತು. ಎಡಗಡೆ ಹೊಸ ಒಲೆ ಹೂಡಿ ಅದು ಚಿಕ್ಕಪ್ಪನದಾಯಿತು. ನಡುಮನೆ ದೊಡ್ಡಪ್ಪನದು. ಅವ್ವನೂ ಚಿಕ್ಕವ್ವನೂ ಅವತ್ತಿನಿಂದ ಮಾತು ಬಿಟ್ಟರು.

ಪಾಲು ಮಾಡಲು ಊರಿಂದ ಬಂದಿದ್ದ ಹಿರಿಯರು ಎಲ್ಲ ಮುಗಿದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ದೊಡ್ಡಪ್ಪನನ್ನು ಕೇಳಿದರು, "ಅದ್ಸರಿ, ನಿನ್ ಊಟ ಯಾರ ಕಡೆಯಪ್ಪ?"

ದೊಡ್ಡಪ್ಪ ತಲೆ ಎತ್ತಲಿಲ್ಲ. "ಒಬ್ಬನ ಒಲೆ ಮುಂದೆ ಕೂತ್ರೆ ಇನ್ನೊಬ್ಬನ ಒಟ್ಟೆ ಉರೀತದೆ. ತಿಂಗಳಿಗೊಬ್ಬರ ಮನೆ ಅಂತ ತಟ್ಟೆ ಎತ್ಕೊಂಡು ತಿರುಗೋದು ನನ್ ಕೈಲಾಗಲ್ಲ. ನನ್ ಊಟದ ಯೋಚ್ನೆ ಬುಡಿ, ಓಟ್ಲಲ್ಲಿ ಗೊತ್ಮಾಡ್ಕೊಂಡಿವ್ನಿ" ಅಂದರು.

ಅಲ್ಲಿಗೆ ಆ ಮಾತು ಮುಗಿಯಿತು. ದಿನಾ ಬೆಳಿಗ್ಗೆ ಕರೀ ಕೋಟು ಹಾಕಿಕೊಂಡು ಛತ್ರಿ ಹಿಡಿದು ಹೊರಡುತ್ತಿದ್ದರು, ಒಂದು ಸುತ್ತು ಹಾಕಿ ಬರುತ್ತಿದ್ದರು. ಹೋಟೆಲಿನಲ್ಲಿ ದಿನಾ ಊಟ ಮಾಡುವ ಪುಣ್ಯವಂತರು ಅಂತ ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ನೋಡಿ, ಎಂಥ ಜಾಣೆ ನಾನು.

ಈಗ ಬೋಗುಣಿ ವಿಷಯ. ಮಾತು ಬಿಟ್ಟರೂ ಅವ್ವ, ಚಿಕ್ಕವ್ವ ಸಾರು ಕೊಡುವುದು ಬಿಡಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ದೀಪ ಹಚ್ಚುವ ಮುಂಚೆ ಒಂದು ಸಲ, ನಮ್ಮ ಒಲೆಯಿಂದ ಒಂದು ಬೋಗುಣಿ ಆ ಕಡೆಗೆ ಹೋಗಬೇಕು. ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಅದರಲ್ಲಿ ಚಿಕ್ಕವ್ವ ಮಾಡಿದ್ದು ತುಂಬಿಕೊಂಡು ಈ ಕಡೆಗೆ ಬರಬೇಕು. ಸಾಗಿಸುವವಳು ನಾನು. ಮಾತಿಲ್ಲದವರ ನಡುವೆ ಇಷ್ಟು ಉಪಚಾರ ಯಾಕೆ ಅಂತ ನನಗೆ ಬೇಜಾರು. ಅದೂ ಬರೀ ಸಾರಲ್ಲ, ಮುದ್ದೆ ಕೂಡ! ಚಿಕ್ಕವ್ವ ಮುದ್ದೆ ತಿರುವಿದ ಸದ್ದು ನಮ್ಮ ಮನೆಗೇ ಕೇಳುತ್ತಿತ್ತು, ಅವಳಿಗೆ ಅವ್ವ ಬಿಸಿಬಿಸಿ ಮುದ್ದೆ ಕಳಿಸುತ್ತಿದ್ದಳು. ಅವಳೂ ಒಂದು ಮುದ್ದೆ ವಾಪಸ್ ಕಳಿಸುತ್ತಿದ್ದಳು. ಯಾಕವ್ವ ಇದು ಅಂದರೆ, "ಓಗ್ ಕೊಟ್ಬಾ ಅಂದ್ರೆ ಕೊಟ್ಬಾ. ಎಲ್ಲಕ್ಕೂ ಒಂದು ಪ್ರಶ್ನೆ ನಿಂದು" ಅನ್ನುತ್ತಿದ್ದಳು.

ನಡುಮನೆಗೆ ಬಂದರೆ ಕಟ್ಟೆ. ದೊಡ್ಡಪ್ಪ ಕಾಲು ಅಡ್ಡ ನೀಡಿ ಕೂತಿರುತ್ತಿದ್ದರು, ಅದೇ ಬಿದಿರು ಗಳು.

"ಏನವ್ವ ಸರಕು?"

"ಹುರುಳಿ ಬಸ್ಸಾರು, ಮುದ್ದೆ."

"ಎಲ್ಲಿಂದ ಎಲ್ಲಿಗೆ?"

"ಮೈಸೂರಿಂದ ಮದ್ರಾಸಿಗೆ."

ಚಿಕ್ಕವ್ವ ಕೊಳ್ಳೇಗಾಲದವಳು. ಕೊಳ್ಳೇಗಾಲ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಅವರ ಮಾತು ಕನ್ನಡವೇ, ಮುದ್ದೆ ನಮ್ಮದೇ ಮುದ್ದೆ, ಸರ್ಕಾರ ಮಾತ್ರ ಬೇರೆ. ಅದಕ್ಕೇ ದೊಡ್ಡಪ್ಪ ಅವಳ ಅಡುಗೆಮನೆಗೆ ಮದ್ರಾಸ್ ಅಂತ, ನಮ್ಮದಕ್ಕೆ ಮೈಸೂರು ಅಂತ ಹೆಸರಿಟ್ಟಿದ್ದರು. ಬೋಗುಣಿ ಮುಚ್ಚಳ ತೆಗೆಸಿ, ಆಳವಾಗಿ ಒಂದು ಸಲ ಮೂಸಿ, ಎರಡು ಸೌಟು ಸಾರು, ಮುದ್ದೆಯಲ್ಲಿ ಅರ್ಧ ತಟ್ಟೆಗೆ ಹಾಕಿಸಿಕೊಂಡು, "ಪಾಸಾಯ್ತು, ಓಗು" ಅಂತ ಕಾಲು ಮಡಚುತ್ತಿದ್ದರು. ವಾಪಸ್ ಬರುವಾಗ ಮದ್ರಾಸಿನ ಸರಕಿನ ಮೇಲೂ ಅಷ್ಟೇ ಸುಂಕ. ಪಕ್ಷಪಾತ ಇಲ್ಲ. ಓಣಿಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದ ವರ್ಷ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ದೇಶ ಒಂದು ಅಂದಮೇಲೆ ಗಡಿಗೊಂದು ಕಟ್ಟೆ ಯಾಕೆ ಅನ್ನುವ ಮಾತು ಕಾಫಿ ಹೋಟೆಲಿನಿಂದ ಹಿಡಿದು ಕ್ಷೌರದಂಗಡಿಯವರೆಗೂ ಓಡಾಡುತ್ತಿತ್ತು. ವಿಷಯವೂ ಅದೇ: ಒಂದೇ ದೇಶದ ರಾಜ್ಯಗಳು ಒಂದರ ಸರಕಿನ ಮೇಲೆ ಇನ್ನೊಂದು ಸುಂಕ ಹಾಕಬೇಕೇ? ಹಾಕಬಾರದು ಅನ್ನುವ ಪಕ್ಷ ನನ್ನದು. ಮನೆಯಲ್ಲಿ ಹೇಳಿದ್ದೇ ತಡ, ದೊಡ್ಡಪ್ಪ ಮದುವೆ ಗೊತ್ತಾದವರಂತೆ ಓಡಾಡತೊಡಗಿದರು.

"ಸುಂಕ ಅಂದ್ರೆ ನನ್ ವಿಷ್ಯ ಕಣವ್ವ. ಕೂತ್ಕೋ ಬರ್ಕೋ" ಅಂತ ಎರಡು ಸಂಜೆ ಪಾಠ ಮಾಡಿದರು. ಸುಂಕ ಕಟ್ಟುವವನು ವ್ಯಾಪಾರಿ ಅಂದುಕೋಬೇಡ, ಕೊನೆಗೆ ಅದನ್ನು ತೆರುವವಳು ಬೆಲ್ಲ ಕೊಳ್ಳುವ ನಿಮ್ಮವ್ವನೇ ಅಂದರು. ಹೂವಿನ ಗಾಡಿ ಕಟ್ಟೆಯಲ್ಲಿ ನಿಂತು ನಿಂತು ಬಾಡಿದ್ದನ್ನು ಹೇಳಿದರು. ನನ್ನ ಪಕ್ಷಕ್ಕೆ ಬೇಕಾದ್ದನ್ನೆಲ್ಲ ತಾವೇ ಕೊಟ್ಟು, ಕೊನೆಗೆ ಮೆಲ್ಲಗೆ, "ಆದ್ರೂ ಗಡೀಲಿ ಕೂತೋನು ಎರಡೂ ಕಡೆಗೂ ಬೇಕಾದೋನಾಗಿರ್ತಾನೆ ಕಣವ್ವ. ನಿಮ್ಮೂರಲ್ಲಿ ಮಳೆ ಎಂಗೆ, ಮಗಳು ಹೆತ್ತಳಾ ಅಂತ ಕೇಳೋಕೆ ದಾರೀಲಿ ಒಬ್ಬ ಬೇಕಲ್ಲ" ಅಂದರು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಸ್ಪರ್ಧೆಯ ದಿನ ಜರಿ ಪೇಟ ಸುತ್ತಿ, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿ, ಎರಡನೇ ಸಾಲಿನಲ್ಲಿ ಬಂದು ಕೂತರು. ನನಗಿಂತ ಮುಂಚೆ ಮಾತಾಡಿದವರು ಅಂಕಿ ಸಂಖ್ಯೆ ಒಪ್ಪಿಸಿದರು, ಸಭೆ ಆಕಳಿಸಿತು. ನನಗೆ ಭಯವಾಯಿತು. ಬರೆದುಕೊಂಡಿದ್ದೆಲ್ಲ ಪಕ್ಕಕ್ಕಿಟ್ಟು, "ಒಂದು ಮನೆ ಇದೆ" ಅಂತ ಶುರುಮಾಡಿಬಿಟ್ಟೆ. ಎರಡು ಅಡುಗೆಮನೆ, ನಡುವೆ ಒಬ್ಬ ಮುದುಕ, ಮುದುಕನ ಮುಂದೆ ತಟ್ಟೆ. ಕಾಲು ಅಡ್ಡ ನೀಡುವುದನ್ನು ಅಭಿನಯಿಸಿದೆ, ಬೋಗುಣಿ ಮೂಸುವುದನ್ನು ಅಭಿನಯಿಸಿದೆ. "ಪಾಸಾಯ್ತು, ಓಗು" ಅಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ನಗು ಕುಡಿದು ನನಗೆ ಅಮಲೇರಿತು. "ಒಲೆ ಹಚ್ಚುವುದಿಲ್ಲ, ಬೆವರು ಸುರಿಸುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ, ಅಕ್ಕ ತಂಗಿಗೆ ಕಳಿಸಿದ ಅನ್ನದಲ್ಲಿ ಪಾಲು ಕೀಳುತ್ತಾನೆ. ಮಹನೀಯರೇ, ಸುಂಕವೆಂದರೆ ಈ ಮುದುಕ!" ಅಂದೆ. ಚಪ್ಪಾಳೆ ನಿಲ್ಲಲೇ ಇಲ್ಲ. ದೊಡ್ಡಪ್ಪನೂ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಬಹುಮಾನ ನನಗೇ ಬಂತು.

ದಾರಿಯಲ್ಲಿ ಬರುವಾಗ ಬಹುಮಾನದ ಕಪ್ಪನ್ನು ಅವರೇ ಹಿಡಿದುಕೊಂಡು ಬಂದರು. "ಚೆನ್ನಾಗಿ ಮಾತಾಡ್ದೆ ಕಣವ್ವ" ಅಂದರು, ಸ್ವಲ್ಪ ದೂರ ನಡೆದು ಇನ್ನೊಂದು ಸಲ ಅಂದರು. ಬೀದಿ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು, ಯಾರದೋ ಕಾಂಪೌಂಡಿನಿಂದ ಮಲ್ಲಿಗೆ ಘಮ ಬರುತ್ತಿತ್ತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ ಬಿಡಿ. ಪಕ್ಕದಲ್ಲಿದ್ದವರ ಮುಖ ನೋಡಿದ ನೆನಪೇ ಇಲ್ಲ.

ಮಾರನೇ ಬೆಳಿಗ್ಗೆ ಬೋಗುಣಿ ಹಿಡಿದು ಬಂದೆ. ದೊಡ್ಡಪ್ಪನ ಕಾಲು ಮಡಚಿತ್ತು, ತಟ್ಟೆ ಗೋಡೆಗೆ ಒರಗಿತ್ತು. "ಓಗು ಓಗು, ಕಟ್ಟೆ ಎತ್ಬುಟ್ಟಿದೀವಿ. ದೇಶ ಒಂದೇ ಅಲ್ವಾ?" ಅಂತ ನಕ್ಕರು. ನನಗೆ ಎಷ್ಟು ಖುಷಿ ಗೊತ್ತೇ? ನನ್ನ ಭಾಷಣಕ್ಕೆ ಒಂದು ಸರ್ಕಾರವೇ ಮಣಿಯಿತಲ್ಲ ಅಂತ! ಆ ದಿನ, ಮಾರನೇ ದಿನ, ಅದರ ಮಾರನೇ ದಿನ, ಬೋಗುಣಿ ತುಂಬಿದ್ದು ತುಂಬಿದಂತೆ ಆ ಕಡೆಗೂ ಈ ಕಡೆಗೂ ಓಡಾಡಿತು. ಚಿಕ್ಕವ್ವ ಮುಚ್ಚಳ ತೆಗೆದು ನೋಡಿ, ಅಕ್ಕ ಜಾಸ್ತಿ ಹಾಕಿದ್ದಾಳೆ ಅಂದುಕೊಂಡಳು. ಅವ್ವನೂ ಹಾಗೇ ಅಂದುಕೊಂಡಳು. ಇಬ್ಬರ ನಡುವೆ ಮಾತಿದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೂರನೇ ಸಂಜೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಚಿಕ್ಕವ್ವ ನಿಂತಿದ್ದಳು. ಎರಡು ವರ್ಷದಿಂದ ಆ ಹೊಸಿಲ ಹತ್ತಿರ ಬಂದವಳಲ್ಲ.

"ಅಕ್ಕಾ" ಅಂದಳು. "ಭಾವನೋರು ಏಳೋಕೋದೋರು ತಲೆ ತಿರುಗಿ ಕಂಬ ಇಡ್ಕೊಂಡ್ರು. ಒಟ್ಟೆಗೆ ಏನಾದ್ರೂ ಬಿದ್ದದಾ ಇಲ್ವಾ? ನಿಮ್ ಕಡೆಯಿಂದ ತಗೋತಾವ್ರಾ?"

ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನಿಂಗೆ ಬರೋ ಸಾರಲ್ಲಿ ಕಮ್ಮಿ ಆಗ್ತಿಲ್ವಾ?"

"ಇಲ್ಲ ಕಣಕ್ಕ, ತುಂಬಿರ್ತದೆ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಇನ್ನೂ ಜಂಬದಲ್ಲೇ ಇದ್ದೆ. ಕಟ್ಟೆ ಎತ್ತಿದ ಕಥೆ ಹೇಳಿದೆ, ಭಾಷಣದ ಕಥೆ ಹೇಳಿದೆ, ಆ ಕೊನೆಯ ಸಾಲನ್ನು ಅಭಿನಯದ ಜೊತೆ ಇನ್ನೊಂದು ಸಲ ಹೇಳಿದೆ. "ಅವರು ಹೋಟ್ಲಲ್ಲಿ ಊಟ ಮಾಡ್ತಾರಲ್ಲ, ಅವರಿಗೇನು?" ಅಂದೆ.

"ಯಾವ ಓಟ್ಲೇ? ಯಾವ ಓಟ್ಲು?" ಅವ್ವ ಕೂಗಲಿಲ್ಲ, ಅದೇ ಭಯವಾಯಿತು. "ಓಟ್ಲಲ್ಲಿ ಒಂದ್ ಲೋಟ ಕಾಫಿ ಕುಡಿದು ಬತ್ತಾರೆ. ಅಲ್ಲಿ ಅನ್ನ ಅವರ ಮೈಗೆ ಆಗಲ್ಲ. ಅವರು ತಿನ್ನೋದು ಆ ತಟ್ಟೇಲಿ ಬಿದ್ದದ್ದು ಅಷ್ಟೇ ಕಣೇ. ನಾವು ಬಾ ಉಣ್ಣು ಅನ್ನಂಗಿಲ್ಲ, ಅವರು ಹಾಕು ಅನ್ನಂಗಿಲ್ಲ. ಅದಕ್ಕೇ ಅಲ್ವೇನೇ ದಿನಾ ಎರಡೊತ್ತು ಆ ಮುದ್ದೆ ತಿರುಗ್ತಿದ್ದದ್ದು!"

ಚಿಕ್ಕವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ಅವಳಿಗೂ ಎಲ್ಲ ಗೊತ್ತಿತ್ತು. ಎರಡು ವರ್ಷ ಒಂದು ಮಾತಾಡದೆ, ಒಂದು ದಿನ ತಪ್ಪದೆ, ಇಬ್ಬರೂ ಸೇರಿ ಒಬ್ಬರ ಹೊಟ್ಟೆ ಹೊರೆದಿದ್ದರು. ದಿನಾ ಎರಡು ಹೊತ್ತು ಅದನ್ನು ಕೈಯಲ್ಲಿ ಹಿಡಿದು ಓಡಾಡಿದ ನನಗೆ ಮಾತ್ರ ಗೊತ್ತಿರಲಿಲ್ಲ. ನನಗೆ ಆಗ ಎಷ್ಟು ನಾಚಿಕೆಯಾಯಿತು ಅಂದರೆ, ಇಷ್ಟು ವರ್ಷದ ಮೇಲೂ ಆ ಸಂಜೆ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಾನು ಓಡಿಹೋಗಿ, "ತಪ್ಪಾಯ್ತು ದೊಡ್ಡಪ್ಪ, ಸುಂಕ ತಗೊಳ್ಳಿ" ಅಂತ ಬೋಗುಣಿ ಮುಂದಿಟ್ಟೆ. ಅವರು ನನ್ನ ತಲೆ ಸವರಿದರು. "ನೀನ್ಯಾಕಳ್ತೀ? ನೀ ಅಂದದ್ರಲ್ಲಿ ಸುಳ್ಳೇನದೆ? ಒಲೆ ಹಚ್ಚಲ್ಲ, ಬೆವರು ಸುರಿಸಲ್ಲ. ತಗೊಂಡೋಗವ್ವ" ಅಂದರು. ಸಿಟ್ಟಿನಿಂದ ಅಂದಿದ್ದರೆ ಪರವಾಗಿರಲಿಲ್ಲ. ಅಷ್ಟು ಮೆದುವಾಗಿ ಅಂದರು. ಬೋಗುಣಿ ಎತ್ತಿಕೊಂಡು ವಾಪಸ್ ಬಂದೆ.

ಅಡುಗೆಮನೆಯಲ್ಲಿ ಅವ್ವ, ಚಿಕ್ಕವ್ವ ತಲೆಗೆ ತಲೆ ಕೊಟ್ಟು ಏನೋ ಪಿಸುಗುಟ್ಟಿದರು. ನಿಮಗೆ ಒಂದು ಹೇಳಬೇಕು: ನಮ್ಮಲ್ಲಿ ಗಂಡನ ಅಣ್ಣನ ಮುಂದೆ ಹೆಂಗಸರು ನಿಲ್ಲುತ್ತಿರಲಿಲ್ಲ, ನೇರವಾಗಿ ಮಾತಾಡುವುದಂತೂ ದೂರವೇ ಉಳಿಯಿತು. ಬಾಗಿಲ ಸಂದಿಯಿಂದ ಮಕ್ಕಳ ಮುಖಾಂತರವೇ ಎಲ್ಲ. ಅಂಥವರು ಇಬ್ಬರೂ ತಲೆ ಮೇಲೆ ಸೆರಗೆಳೆದುಕೊಂಡು, ಸೆರಗಿನಡಿ ಏನೋ ಬಚ್ಚಿಟ್ಟುಕೊಂಡು, ನಡುಮನೆಯ ಗೋಡೆ ಪಕ್ಕದಲ್ಲೇ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೊರಟರು. ಅಷ್ಟು ಕೆಟ್ಟದಾಗಿ ಕಳ್ಳತನ ಮಾಡುವವರನ್ನು ನಾನು ನೋಡಿಲ್ಲ. ಅವ್ವನ ಸೆರಗಿನಡಿಯಿಂದ ಹಬೆ ಬರುತ್ತಿತ್ತು, ಚಿಕ್ಕವ್ವನ ಬಳೆ ಬೋಗುಣಿಗೆ ಬಡಿದು ಕಣಕಣ ಅನ್ನುತ್ತಿತ್ತು.

ಮೂವತ್ತು ವರ್ಷ ಗಡಿ ಕಾದ ಮನುಷ್ಯ ಅದನ್ನು ನೋಡಿಕೊಂಡು ಸುಮ್ಮನಿರುತ್ತಾರಾ?

"ಯಾರದು? ನಿಲ್ಲಿ ಅಲ್ಲೇ! ಏನದು ಸೆರಗಿನಡಿ?" ಅಂತ ಗದರಿದರು. ಗದರಿದ ಮೇಲೆ ಯಾರೆಂದು ತಿಳಿದು ತಾವೇ ಗಾಬರಿಯಾಗಿ ಮುಖ ತಿರುಗಿಸಿದರು. "ಸುಂಕ ಇಲ್ಲ ಅಂದ್ಮೇಲೆ ಬಚ್ಚಿಟ್ಕೊಂಡು ಓಗೋದ್ಯಾಕೆ, ಕೇಳವ್ವ ಅವರ್ನ" ಅಂತ ನನಗೆ ಅಂದರು.

ಚಿಕ್ಕವ್ವ ಕಂಬದ ಕಡೆ ತಿರುಗಿ ನಿಂತಳು. ಅವಳು ಮಾತಾಡಿದ್ದು ಕಂಬದ ಜೊತೆ. "ಸುಂಕ ಇಲ್ಲ ಅಂದೋರ್ಯಾರು? ಮೈಸೂರು ಸರ್ಕಾರ ಅಂದ್ತಾ? ಮದ್ರಾಸ್ ಸರ್ಕಾರ ಅಂದ್ತಾ? ನಮ್ಮನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ. ಎರಡು ರಾಜ್ಯನೂ ಒಪ್ದಲೇ, ನಡುವೆ ಇರೋರು ಅವರಷ್ಟಕ್ಕೆ ಅವರೇ ಕಟ್ಟೆ ಎತ್ಬುಡಬೌದಾ? ಅದ್ಯಾವ ಕಾನೂನು?"

"ಅಂಗೆ ಕೇಳು" ಅಂದಳು ಅವ್ವ, ಅವಳೂ ಕಂಬಕ್ಕೇ.

ಗಾಜಿನ ಹೆಂಚಿನ ಬೆಳಕು ಮಾಸುತ್ತಿತ್ತು, ಬೀದಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ಗೋಡೆಗೆ ಒರಗಿಸಿದ್ದ ತಟ್ಟೆ ಎಳೆದು ಮುಂದಿಟ್ಟುಕೊಂಡರು.

"ಕದ್ದು ಸಾಗಿಸಿದ ಸರಕಿಗೆ ಸುಂಕ ಇಲ್ಲ ಕಣವ್ವ" ಅಂದರು. "ಪೂರ್ತಿ ಜಪ್ತಿ."

ಅವ್ವ ಮುದ್ದೆ ಇಟ್ಟಳು, ಚಿಕ್ಕವ್ವ ಸಾರು ಸುರಿದಳು. ಇಬ್ಬರೂ ಬಾಗಿಲ ಹಿಂದೆ ಹೋಗಿ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಿಂತರು. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇತ್ತು. ದೊಡ್ಡಪ್ಪ ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ. ಎದ್ದು ಕೈ ತೊಳೆದು ಬಂದು ನನ್ನ ಕಿವಿಯಲ್ಲಿ, "ನಿಮ್ಮವ್ವಂಗೆ ಕಳ್ಳಸಾಗಣೆ ಒಂಚೂರೂ ಬರಲ್ಲ" ಅಂದರು. ಕಣ್ಣು ಒದ್ದೆಯಾಗಿತ್ತು.

ಆಮೇಲಿನದ್ದು ಹೇಳಲು ಹೆಚ್ಚೇನಿಲ್ಲ. ಬೆಳಿಗ್ಗೆ ಕಟ್ಟೆ ಮತ್ತೆ ಶುರುವಾಯಿತು. ಅವ್ವ, ಚಿಕ್ಕವ್ವ ಮಾತಾಡತೊಡಗಿದರು, ಎರಡು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಆಡಿದರು. ಕೆಲವು ವರ್ಷಕ್ಕೆ ರಾಜ್ಯಗಳ ಗಡಿ ಬದಲಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಚಿಕ್ಕವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಇನ್ನು ನೀವು ಯಾವ ನ್ಯಾಯದಲ್ಲಿ ಸುಂಕ ಕೀಳ್ತೀರಿ ಅಂತ ನಾನು ತಮಾಷೆ ಮಾಡಿದರೆ ದೊಡ್ಡಪ್ಪ, "ನೀನು ಅವತ್ತು ಅಂದದ್ದು ದೇಶಕ್ಕೆ ಸರಿ ಕಣವ್ವ. ದೇಶದೊಳಗೆ ಕಟ್ಟೆ ಇರಬಾರದು. ಮನೇದು ಬೇರೆ" ಅಂದರು. ಅರವತ್ತರ ದಶಕದಲ್ಲಿ ಅವರು ತೀರಿಕೊಳ್ಳುವವರೆಗೂ ನಡುಮನೆಯಲ್ಲಿ ಸುಂಕ ನಡೆಯಿತು. ಭಾಷಣದಲ್ಲಿ ಅವರನ್ನು ‘ಈ ಮುದುಕ’ ಅಂದ ಮಾತಿಗೆ ನಾನು ಮಾತ್ರ ಅವರ ಹತ್ತಿರ ಸರಿಯಾಗಿ ಕ್ಷಮೆ ಕೇಳಲೇ ಇಲ್ಲ. ಕೇಳಬೇಕಿತ್ತು.

ಈಗಲೂ ಯಾರಾದರೂ ಕೇಳಿದರೆ ನಾನು ಅದೇ ಪಕ್ಷ. ಒಂದು ದೇಶದ ಒಂದು ಊರಿನ ಬೆಲ್ಲ ಇನ್ನೊಂದು ಊರಿಗೆ ಹೋಗಲು ಯಾರ ಅಪ್ಪಣೆಯೂ ಬೇಡ ಅಂತಲೇ ವಾದಿಸುತ್ತೇನೆ, ಗೆಲ್ಲುತ್ತೇನೆ ಕೂಡ. ಆದರೆ ಗೆದ್ದ ಮೇಲೆ, ಗಳು ಎತ್ತಿಟ್ಟು ಮನೆಗೆ ಹೊರಟವನು ಅವತ್ತು ಏನು ಉಂಡ ಅಂತ ಕೇಳಿಕೊಳ್ಳದೆ ಇರಲಾರೆ.

"ಅತ್ತೆ, ಒಂದ್ನಿಮಿಷ."

ಸೊಸೆ ಅಡುಗೆಮನೆಯಿಂದ ಬಂದು ನಿಂತಿದ್ದಾಳೆ. ಸಾರು ಕುದಿಯುತ್ತಿದೆ, ಅವಳ ಕೈಯಲ್ಲಿ ಚಮಚ, ಕೆಳಗೆ ತೊಟ್ಟಿಕ್ಕದಂತೆ ಇನ್ನೊಂದು ಅಂಗೈ. "ಉಪ್ಪು ಸರಿಯಾಗಿದ್ಯಾ ನೋಡಿ" ಅನ್ನುತ್ತಾಳೆ. ದಿನಾ ಹೀಗೇ. ದಿನಾ ನಾನೂ ಗದರುತ್ತೇನೆ: ಇಪ್ಪತ್ತು ವರ್ಷದಿಂದ ಅಡುಗೆ ಮಾಡ್ತೀಯ, ಇನ್ನೂ ಉಪ್ಪಿನ ಅಂದಾಜಿಲ್ವೇನೇ ನಿನಗೆ? ಅವಳು ನಕ್ಕುಬಿಡುತ್ತಾಳೆ. ಬೆರಳು ನಡುಗಿ ಪಾತ್ರೆ ಎತ್ತಲಾಗದೆ ನಾನು ಅಡುಗೆಮನೆ ಬಿಟ್ಟು ಎಷ್ಟು ದಿನವಾಯಿತೋ, ಅಷ್ಟು ದಿನದಿಂದ ಅವಳಿಗೆ ಉಪ್ಪಿನ ಅಂದಾಜು ತಪ್ಪುತ್ತಿದೆ. ಇಷ್ಟು ಹೊತ್ತು ಆ ನಡುಮನೆಯಲ್ಲಿ ಕೂತಿದ್ದು ಬಂದು, ಇವತ್ತು ಮೊದಲ ಸಲ ಅದು ನನ್ನ ತಲೆಗೆ ಹೋಯಿತು.

ಚಮಚ ಇಸಕೊಂಡು ನಿಧಾನವಾಗಿ ಚಪ್ಪರಿಸಿದೆ. ಉಪ್ಪು ಹದವಾಗಿತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಒಂದ್ ಕಲ್ಲು ಕಮ್ಮಿ ಆಯ್ತು ಕಣಮ್ಮ" ಅಂದೆ.